ಅಪ್ಪನ ಗುಳಿಗೆ ಒಯ್ಯಲು ಬಂದ ಮಗ

(ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿಯವರು, ಫಾರ್ಮಸಿ ಓದುವ ಹುಡುಗ ಹುಡುಗಿಯರು ಮತ್ತು ಬಡಾವಣೆಯ ಹಿರಿಯರು ಕೂಡಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಔಷಧಿ ಮಾರುವವನನ್ನು ಕರೆಸಿ, ಶುಗರ್ ಬರದಂತೆ ತಡೆಯುವುದರ ಬಗ್ಗೆ ಮಾತಾಡಿ ಅಂದಿದ್ದೀರಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಬೇಕಾದ್ದೇ. ಶುಗರ್, ಬಿಪಿ ಗುಳಿಗೆಗಳು ತಿಂಗಳಾ ತಿಂಗಳಾ ತಪ್ಪದೆ ಹೋಗುವ ಮಾಲು. ನಮ್ಮ ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು ಹುಟ್ಟುವುದು ಅದರಿಂದಲೇ. ಹಾಗಿದ್ದೂ ತಡೆಯುವ ಕೆಲಸ ನಮ್ಮದೂ ಹೌದು ಅಂತ ಹೇಳಲು ಬಂದಿದ್ದೇನೆ. ಶುಗರ್ ಬರಲಿರುವ ಮನುಷ್ಯ ಡಾಕ್ಟರ ಹತ್ತಿರ ಹೋಗುವುದಿಲ್ಲ. ಅವನಿಗೆ ಇನ್ನೂ ಏನೂ ಆಗಿಲ್ಲವಲ್ಲ, ಯಾಕೆ ಹೋದಾನು? ಆದರೆ ನಮ್ಮ ಅಂಗಡಿಗೆ ಬರುತ್ತಾನೆ. ತನಗಾಗಿ ಅಲ್ಲ, ಅಪ್ಪನಿಗಾಗಿ.

ಸಂಜೆ ಹೊತ್ತು ಯಾವ ಮೆಡಿಕಲ್ ಅಂಗಡಿ ಮುಂದೆ ಬೇಕಾದರೂ ನಿಂತು ನೋಡಿ. "ಅಪ್ಪಂದು ಶುಗರ್ ಗುಳಿಗಿ ಕೊಡ್ರಿ, ಹೋದ ತಿಂಗಳ ಒಯ್ದಿದ್ದೆನಲ್ಲ, ಅದ" ಅಂತ ಒಬ್ಬ ಮೊಬೈಲಿನಲ್ಲಿ ಸ್ಟ್ರಿಪ್ಪಿನ ಫೋಟೊ ತೋರಿಸುತ್ತಾನೆ. ವಯಸ್ಸು ಮೂವತ್ತೆಂಟೋ ನಲವತ್ತೋ. ದಿನವಿಡೀ ಕೂತು ಮಾಡುವ ಕೆಲಸ. ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಬಿಗಿದಿರುತ್ತದೆ. ನಾವು ಫೋಟೊ ನೋಡುತ್ತೇವೆ, ಗುಳಿಗೆ ತೆಗೆಯುತ್ತೇವೆ, ದುಡ್ಡು ಬಂದ ಸದ್ದು ಕೇಳಿಸಿಕೊಳ್ಳುತ್ತೇವೆ. ಮಗನನ್ನು ಮಾತ್ರ ನೋಡುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಮಗನ ಬಗ್ಗೆ. ಮಗಳು, ಸೊಸೆ, ತಮ್ಮ ಅಂತಲೂ ಸೇರಿಸಿಕೊಳ್ಳಿ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಜಾಸ್ತಿ ಇಲ್ಲ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನಡೆಸಿದ ಇಂಡಿಯಾಬ್ ಅಂತ ಒಂದು ದೊಡ್ಡ ಸಮೀಕ್ಷೆ ಇದೆ. 2008ರಿಂದ 2020ರವರೆಗೆ ದೇಶದ ಎಲ್ಲ ಕಡೆ ಸುಮಾರು 1 ಲಕ್ಷ 13 ಸಾವಿರ ಜನರನ್ನು ಪರೀಕ್ಷೆ ಮಾಡಿದರು. 2023ರಲ್ಲಿ ಫಲಿತಾಂಶ ಬಂತು. ಅದರ ಪ್ರಕಾರ ಭಾರತದಲ್ಲಿ ಶುಗರ್ ಇರುವವರು 10.1 ಕೋಟಿ. ಸಕ್ಕರೆ ಪ್ರಮಾಣ ಏರಿದೆ ಆದರೆ ಕಾಯಿಲೆಯ ಗಡಿ ದಾಟಿಲ್ಲ ಅನ್ನುವವರು 13.6 ಕೋಟಿ. ಇವರನ್ನು ಪ್ರಿಡಯಾಬಿಟಿಸ್ ಇರುವವರು, ಗಡಿಯ ಮೇಲೆ ನಿಂತವರು ಅನ್ನುತ್ತೇವೆ. ನಮ್ಮ ಕಡೆಯವರು ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಶುಗರ್ ಆಗಿಬಿಟ್ಟವರು ಪಟ್ಟಣದಲ್ಲಿ 100ಕ್ಕೆ 16.4, ಹಳ್ಳಿಯಲ್ಲಿ 8.9. ಅಂದರೆ ಹಳ್ಳಿಯಲ್ಲಿ ಹೆಚ್ಚೂಕಡಿಮೆ ಅರ್ಧ. ಆದರೆ ಗಡಿಯ ಮೇಲಿರುವವರು ಪಟ್ಟಣದಲ್ಲಿ 15.4, ಹಳ್ಳಿಯಲ್ಲಿ 15.2. ವ್ಯತ್ಯಾಸವೇ ಇಲ್ಲ! "ಹೊಲಾ ಮಾಡೋರಿಗೆ ಶುಗರ್ ಬರಂಗಿಲ್ಲ ಬಿಡ್ರಿ" ಅಂತ ಕುಂದಗೋಳ, ರೋಣ, ಶಿಗ್ಗಾಂವಿ ಕಡೆಯವರು ಹೇಳುವ ಮಾತು ಇನ್ನು ಬಹಳ ದಿನ ನಡೆಯಲಿಕ್ಕಿಲ್ಲ. ಹೊಲವನ್ನು ಟ್ರ್ಯಾಕ್ಟರ್ ಉಳುತ್ತದೆ, ಕಳೆಗೆ ಔಷಧಿ ಹೊಡೆಯುತ್ತಾರೆ, ಹೊಲಕ್ಕೆ ಹೋಗುವುದೂ ಬೈಕಿನ ಮೇಲೆ.

ಈಗ ಆ ಮಗನಿಗೆ ಅಪಾಯ ಎಷ್ಟು ಅಂತ ತಿಳಿಯುವುದು ಹೇಗೆ? ರಕ್ತ ತೆಗೆಯುವುದೇ ಬೇಡ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ ಡಾ. ವಿ. ಮೋಹನ್ ಮತ್ತು ಅವರ ಜೊತೆಯವರು 2005ರಲ್ಲಿ ಒಂದು ಅಂಕಪಟ್ಟಿ ಮಾಡಿಕೊಟ್ಟಿದ್ದಾರೆ. ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್ ಅಂತ ಅದರ ಹೆಸರು. ಕೇಳುವುದು ನಾಲ್ಕೇ ಸಂಗತಿ: ವಯಸ್ಸು, ಸೊಂಟದ ಸುತ್ತಳತೆ, ದೇಹದ ದುಡಿಮೆ, ತಂದೆ ತಾಯಿಗೆ ಶುಗರ್ ಇದೆಯಾ. ನಲವತ್ತೆರಡು ವರ್ಷದ ಒಬ್ಬ ಗಂಡಸು ಅಂತಿಟ್ಟುಕೊಳ್ಳಿ. 35ರಿಂದ 49ರ ನಡುವಿನ ವಯಸ್ಸಿಗೆ 20 ಅಂಕ. ಸೊಂಟ 96 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ 10, 100 ಮುಟ್ಟಿದರೆ 20. ಇವನಿಗೆ 10 ಬಂತು. ವ್ಯಾಯಾಮ ಇಲ್ಲ, ಕೂತು ಮಾಡುವ ಕೆಲಸ, ಅದಕ್ಕೆ 30. ಅಪ್ಪನಿಗೆ ಶುಗರ್ ಇದೆ, ಅದಕ್ಕೆ 10. ಅವ್ವನಿಗೂ ಇದ್ದಿದ್ದರೆ 20 ಆಗುತ್ತಿತ್ತು. ಒಟ್ಟು 70. ಅರವತ್ತು ಮುಟ್ಟಿದರೆ ಅಪಾಯ ಹೆಚ್ಚು ಅಂತ ಲೆಕ್ಕ.

ಇದರಲ್ಲಿ ಅಂಗಡಿಯವನಿಗೆ ಮಾತಾಡದೆಯೇ ಗೊತ್ತಿರುವುದು ಎಷ್ಟು ನೋಡಿ. ಅಪ್ಪನ ಚೀಟಿ ನಮ್ಮ ಕೈಯಲ್ಲೇ ಇದೆ. ವಯಸ್ಸು ಮುಖದಲ್ಲಿ ಕಾಣುತ್ತದೆ. ಹೊಟ್ಟೆ ಕಣ್ಣೆದುರೇ ಇದೆ. ಎಲ್ಲಿ ಕೆಲಸ ಅಂತ ಪರಿಚಯದ ಗಿರಾಕಿಯಾದರೆ ಗೊತ್ತೇ ಇರುತ್ತದೆ. ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೂ ಸಿಗದ ಮಾಹಿತಿ ಇದು. ಅವರು ನೋಡುವುದು ರೋಗಿಯನ್ನು. ನಾವು ನೋಡುವುದು ಮನೆತನವನ್ನು.

ಇದೇ ಅಂಕಪಟ್ಟಿಯ ಇನ್ನೊಂದು ಮುಖ ನನಗೆ ಇನ್ನೂ ಇಷ್ಟ. ವಯಸ್ಸು, ಅಪ್ಪ ಇವೆರಡನ್ನೂ ಬದಲಿಸಲಾಗುವುದಿಲ್ಲ. ಆದರೆ ಅದೇ ಮನುಷ್ಯ ದಿನಾ ನಡೆಯತೊಡಗಿದರೆ 30 ಇದ್ದದ್ದು 20 ಆಗುತ್ತದೆ. ಸೊಂಟ 90ರೊಳಗೆ ಬಂದರೆ ಅದರ 10 ಹೋಗುತ್ತದೆ. ಎಪ್ಪತ್ತು ಐವತ್ತಕ್ಕೆ ಇಳಿಯಿತು. ಇದನ್ನು ಒಂದು ಚೀಟಿಯ ಹಿಂದೆ ಬರೆದು ತೋರಿಸಿದರೆ ಜನ ಕೇಳಿಸಿಕೊಳ್ಳುತ್ತಾರೆ. "ವಾಕಿಂಗ್ ಮಾಡ್ರಿ" ಅಂತ ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ, ಅಲ್ವಾ?

ಸೊಂಟದ ಅಳತೆ ಅಂದೆ. ಪ್ಯಾಂಟಿನ ಸೈಜ್ ಹೇಳಿ ಬಿಟ್ಟುಬಿಡುತ್ತಾರೆ. ಅದು ಲೆಕ್ಕಕ್ಕಿಲ್ಲ. ನಮ್ಮ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಹೊಟ್ಟೆ ಬೆಳೆದರೂ ಸೈಜ್ ಅದೇ ಇರುತ್ತದೆ! ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟ ಮೇಲೆ ನೋಡಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ಕೌಂಟರ್ ಮುಂದೆ ನಾಲ್ಕು ಜನರ ಎದುರು ಹೆಣ್ಣುಮಕ್ಕಳ ಸೊಂಟ ಅಳೆಯಲು ಹೋಗಬೇಡಿ. ಅದು ಆಗುವ ಮಾತಲ್ಲ, ಆಗಬೇಕಾದ್ದೂ ಅಲ್ಲ. ಅವರಿಗೆ ಒಂದು ಉಪಾಯ ಹೇಳಿ ಕಳಿಸಿ. ಮನೆಯಲ್ಲಿ ತಮ್ಮ ಎತ್ತರದಷ್ಟು ದಾರ ತೆಗೆದುಕೊಳ್ಳಲಿ, ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಲಿ. ಆ ಅರ್ಧ ಅಳತೆ ಹೊಟ್ಟೆಯ ಸುತ್ತ ಬಂದು ಮುಟ್ಟಿದರೆ ಸರಿ. ಮುಟ್ಟದಿದ್ದರೆ ಪರೀಕ್ಷೆಗೆ ಹೋಗಲಿ. ಖರ್ಚು ಏನೂ ಇಲ್ಲ, ಆಮೇಲೆ ಅದೇ ದಾರವನ್ನು ಹೂ ಕಟ್ಟಲು ಬಳಸಬಹುದು.

ಇಷ್ಟೆಲ್ಲ ಮಾಡಿದರೆ ಶುಗರ್ ನಿಜಕ್ಕೂ ತಡೆಯುತ್ತದಾ ಅಂತ ಕೇಳುವ ಹಕ್ಕು ನಿಮಗಿದೆ. ಇದಕ್ಕೆ ನಮ್ಮ ದೇಶದ್ದೇ ಉತ್ತರ ಇದೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಗಡಿಯ ಮೇಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿತು. 2006ರಲ್ಲಿ ಅದು ಪ್ರಕಟವಾಯಿತು. ವಿಶೇಷವಾಗಿ ಏನೂ ಮಾಡದ ಗುಂಪಿನಲ್ಲಿ 100ಕ್ಕೆ 55 ಜನರಿಗೆ ಶುಗರ್ ಬಂತು. ಮೂರೇ ವರ್ಷದಲ್ಲಿ, ನೆನಪಿಡಿ. ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ಆ ಭರವಸೆ ಯಾರೂ ಕೊಡಬಾರದು. ಆದರೆ ನೂರರಲ್ಲಿ ಹದಿನಾರು ಮನೆ ಉಳಿದವು.

ಆ ಪ್ರಯೋಗದಲ್ಲಿ ಜನರಿಗೆ ಕೊಟ್ಟದ್ದು ಜಿಮ್ ಅಲ್ಲ, ವಿಶೇಷ ಆಹಾರವೂ ಅಲ್ಲ. ಸಲಹೆ, ಆಗಾಗ ಒಂದು ಫೋನು, ಕೆಲವು ತಿಂಗಳಿಗೊಮ್ಮೆ ಎದುರು ಕೂತು ಮಾತು. ಅದೇ ತಂಡ 2013ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಸಲ 537 ಗಂಡಸರು, ಕೆಲವರಿಗೆ ಮೊಬೈಲಿಗೆ ಸಂದೇಶ ಕಳಿಸುತ್ತ ಹೋದರು. ಎರಡು ವರ್ಷದಲ್ಲಿ ಸಂದೇಶ ಸಿಗದವರಲ್ಲಿ 100ಕ್ಕೆ 27 ಜನರಿಗೆ, ಸಿಕ್ಕವರಲ್ಲಿ 18 ಜನರಿಗೆ ಶುಗರ್ ಬಂತು. ಕೆಲಸ ಮಾಡಿದ್ದು ಪದೇ ಪದೇ ನೆನಪಿಸಿದ್ದು. ಈಗ ಹೇಳಿ, ಒಬ್ಬ ಆರೋಗ್ಯವಂತನನ್ನು ತಿಂಗಳಿಗೊಮ್ಮೆ ತಪ್ಪದೆ ಭೇಟಿಯಾಗುವ ಆರೋಗ್ಯದ ಜಾಗ ಊರಲ್ಲಿ ಯಾವುದಿದೆ? ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆ ಅಲ್ಲ, ಸರಕಾರದ 'ನಮ್ಮ ಕ್ಲಿನಿಕ್' ಅಲ್ಲ. ಅಪ್ಪನ ಗುಳಿಗೆ ಮುಗಿದಾಗ ಅವನು ಬಂದು ನಿಲ್ಲುವುದು ನಮ್ಮ ಕೌಂಟರಿನ ಮುಂದೆ.

ಇಲ್ಲಿ ಒಬ್ಬರು ಅಂಗಡಿಯವರು ಎದ್ದು, "ಸಂಜಿ ಏಳರಿಂದ ಒಂಬತ್ತು ಉಸಿರಾಡಾಕ ಪುರುಸೊತ್ತಿಲ್ರೀ ಸರ, ಯಾವಾಗ ಮಾತಾಡೋದು?" ಅಂದರು. ಸರಿಯಾದ ಮಾತು. ಅದಕ್ಕೇ ನಾನು ಒಂದೇ ಪ್ರಶ್ನೆ ಸಾಕು ಅನ್ನುತ್ತೇನೆ. ಗುಳಿಗೆ ಚೀಲಕ್ಕೆ ಹಾಕುವಾಗ ಕೇಳಿ: "ಅಪ್ಪಾರದು ಆತು, ನಿಮ್ಮದು ಯಾವಾಗ ನೋಡಿಸೀರಿ?" ಬಹಳ ಜನ ನಕ್ಕು ಹೋಗುತ್ತಾರೆ. ಹೋಗಲಿ. ಮುಂದಿನ ತಿಂಗಳು ಮತ್ತೆ ಬರುತ್ತಾರಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಐನೂರಕ್ಕೂ ಹೆಚ್ಚು ಔಷಧಿ ಅಂಗಡಿಗಳು ಸೇರಿ ಒಂದು ಅಭಿಯಾನ ಮಾಡಿ 90 ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ನೋಡಿದ್ದವು. ಅಲ್ಲೂ ಮೊದಲು ಪ್ರಶ್ನೆ, ಅಪಾಯ ಕಂಡವರಿಗಷ್ಟೇ ರಕ್ತದ ಹನಿ.

ರಕ್ತದ ಹನಿಯ ಬಗ್ಗೆ ಎರಡು ಮಾತು. ಬೆರಳು ಚುಚ್ಚುವ ಮೆಷಿನ್ ಈಗ ಎಲ್ಲ ಅಂಗಡಿಯಲ್ಲೂ ಇದೆ. ಪೇಡೆ ತಿಂದ ಕೈ, ಬಾಳೆಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿದರೆ ಇಲ್ಲದ ಶುಗರ್ ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ಅವಧಿ ಮುಗಿದಿದ್ದರೆ ಅಂಕಿ ನಂಬುವಂತಿಲ್ಲ. ಸೂಜಿ ಒಬ್ಬರಿಗೆ ಒಂದೇ, ಅದರ ಬಗ್ಗೆ ಚರ್ಚೆಯೇ ಇಲ್ಲ. ಊಟದ ಹೊತ್ತು ನೋಡದೆ ಮಾಡಿದ ಪರೀಕ್ಷೆಯಲ್ಲಿ 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು ಅಂತ ಸರಕಾರಿ ಕಾರ್ಯಕ್ರಮದಲ್ಲೂ ಇದೆ. ಆದರೆ 120 ಬಂತು ಅಂತ "ನಿಮಗ ಏನೂ ಇಲ್ಲ" ಅಂದುಬಿಡಬೇಡಿ. ಗಡಿಯ ಮೇಲಿರುವವರು ಇಂಥ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಅವರು ಸಿಗುವುದು ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ, ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ಮಾಡುವ ಪರೀಕ್ಷೆಯಲ್ಲಿ, ಇಲ್ಲವೇ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವ ಹೆಣ್ಣುಮಕ್ಕಳಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಆದ್ದರಿಂದ ರೋಗ ಇದೆ, ಇಲ್ಲ ಅಂತ ಹೇಳುವುದು ನಮ್ಮ ಕೆಲಸವಲ್ಲ. ಕಳಿಸುವುದು ನಮ್ಮ ಕೆಲಸ. ಮೂವತ್ತು ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಪರೀಕ್ಷೆ ಪುಕ್ಕಟೆ. ಪಟ್ಟಣದಲ್ಲಿ ನಮ್ಮ ಕ್ಲಿನಿಕ್ ಇದೆ. 2022ರ ಡಿಸೆಂಬರಿನಲ್ಲಿ ಆ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಹುಬ್ಬಳ್ಳಿಯಲ್ಲೇ. ಗದಗಿನವರಿಗೆ, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆಗಳಿವೆ.

ಕೌಂಟರಿನಲ್ಲಿ ನಿಂತವರಿಗಷ್ಟೇ ಕಾಣುವ ಇನ್ನೂ ಕೆಲವು ಸುಳಿವುಗಳಿವೆ. ಇವು ಪುಸ್ತಕದಲ್ಲಿ ಬೇರೆ ಬೇರೆ ಕಡೆ ಇರುತ್ತವೆ, ಅಂಗಡಿಯಲ್ಲಿ ಒಂದೇ ದಿನ ಎದುರು ಬರುತ್ತವೆ. ಕಾಲೇಜು ಹುಡುಗ ಹುಡುಗಿಯರು ಕುತ್ತಿಗೆ ಕಪ್ಪಾಗಿದೆ ಅಂತ ಬೆಳ್ಳಗಾಗುವ ಕ್ರೀಮ್ ಕೇಳುತ್ತಾರೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ, ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಬಿಸಿಲೂ ಅಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು ಇರಬಹುದು. ಅವರಿಗೆ ಕ್ರೀಮ್ ಕೊಟ್ಟು ಕಳಿಸಿದರೆ ನೂರಿನ್ನೂರು ರೂಪಾಯಿ ವ್ಯಾಪಾರ. ಪರೀಕ್ಷೆಗೆ ಕಳಿಸಿದರೆ ಹತ್ತು ವರ್ಷ ಮುಂಚೆ ಎಚ್ಚರಿಸಿದ ಹಾಗೆ. ತುರಿಕೆಯ ಮುಲಾಮನ್ನು ಮತ್ತೆ ಮತ್ತೆ ಒಯ್ಯುವವರು, ಗಾಯ ಒಣಗುತ್ತಿಲ್ಲ ಅಂತ ಪೌಡರ್ ಕೇಳುವವರು, ಇವರನ್ನೂ ಹೀಗೇ ನೋಡಿ.

ಇನ್ನೊಬ್ಬರು ಬಸುರಿನಲ್ಲಿ ಶುಗರ್ ಬಂದ ಹೆಣ್ಣುಮಕ್ಕಳು. ಕೆಲವು ತಿಂಗಳು ಇನ್ಸುಲಿನ್ನೋ ಗುಳಿಗೆಯೋ ಒಯ್ಯುತ್ತಾರೆ. ಹೆರಿಗೆಯಾದ ಮೇಲೆ ನಿಲ್ಲುತ್ತದೆ. ಪೇಡೆ ಕೊಟ್ಟು "ಶುಗರ್ ಹೋತ್ರಿ" ಅನ್ನುತ್ತಾರೆ, ನಾವೂ ಖುಷಿಯಿಂದ ತಿನ್ನುತ್ತೇವೆ. ಹೋಗಿರುವುದು ನಿಜ, ಆದರೆ ಮುಂದೆ ಅವರಿಗೆ ಟೈಪ್ 2 ಶುಗರ್ ಬರುವ ಸಂಭವ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು ಅಂತ ದೊಡ್ಡ ಅಧ್ಯಯನಗಳು ಹೇಳುತ್ತವೆ. ಹೆರಿಗೆಯಾದ ಆರು ವಾರಕ್ಕೆ ಒಮ್ಮೆ, ಆಮೇಲೆ ತಪ್ಪದೆ ಆಗಾಗ ಪರೀಕ್ಷೆ ಬೇಕು. ಬಾಣಂತನಕ್ಕೆ ತವರಿಗೆ ಹೋದಾಗ ಆ ಆರು ವಾರ ಕಳೆದೇ ಹೋಗುತ್ತದೆ. ಆಸ್ಪತ್ರೆಯ ಫೈಲು ಗಂಡನ ಮನೆಯಲ್ಲಿ, ಬಾಣಂತಿ ತವರಿನಲ್ಲಿ. ಕೂಸಿಗೆ ಜ್ವರದ ಹನಿ ಒಯ್ಯಲು ಬರುವ ಅಜ್ಜಿಗೆ ನೀವು ನೆನಪಿಸಿದರೆ ಸಾಕು.

ಈಗ ನಮ್ಮವರಿಗೆ ಸ್ವಲ್ಪ ಕಹಿ ಮಾತು. ತಡೆಯುವುದು ಅಂದರೆ ಕೆಲವು ಸಲ ಮಾರದೇ ಇರುವುದು. ಮೈ ತುಂಬಿಕೊಳ್ಳಲಿ ಅಂತ, ಕೀಲುನೋವು ಕೂಡಲೇ ಇಳಿಯಲಿ ಅಂತ ಸ್ಟಿರಾಯ್ಡ್ ಗುಳಿಗೆ ಕೇಳುವವರಿದ್ದಾರೆ. ಹೆಸರು ಗೊತ್ತಿಲ್ಲದೆ "ಆ ಸಣ್ಣ ಗುಳಿಗಿ" ಅನ್ನುತ್ತಾರೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಇವೆಲ್ಲ ರಕ್ತದ ಸಕ್ಕರೆ ಏರಿಸುತ್ತವೆ. ಗಡಿಯ ಮೇಲಿರುವವನನ್ನು ಆಚೆ ತಳ್ಳಲು ಇವು ಸಾಕು. ಚೀಟಿ ಇಲ್ಲದೆ ಕೊಡುವಂತಿಲ್ಲ ಅಂತ ಕಾನೂನೇ ಇದೆ. ಡಾಕ್ಟರು ಬರೆದುಕೊಟ್ಟು ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಮೊಣಕಾಲು ನೋವಿನ ಪುಡಿಯಲ್ಲೂ ಇದೇ ಸ್ಟಿರಾಯ್ಡ್ ಬೆರೆಸಿರುವುದುಂಟು.

ನಮ್ಮ ಫ್ರಿಜ್ಜನ್ನೂ ತೆಗೆದು ನೋಡಿ. ಓಆರ್‌ಎಸ್ ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆ ನೀರು. ಆ ಹೆಸರಿನಲ್ಲಿ ಸಿಹಿ ಪಾನೀಯದ ಡಬ್ಬಿಗಳು ವರ್ಷಗಟ್ಟಲೆ ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಈ ಡಬ್ಬಿಗಳಲ್ಲಿ ಸಕ್ಕರೆ ಅದರ ಎಷ್ಟೋ ಪಟ್ಟು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಸೂತ್ರದಂತೆ ಇಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದು ಅಂತ ಆದೇಶ ಮಾಡಿತು. ಹೆಸರು ಹೋಯಿತು, ಸಕ್ಕರೆ ಹೋಗಲಿಲ್ಲ. ಔಷಧಿ ಅಂಗಡಿಯಲ್ಲಿ ಇಟ್ಟಿದ್ದಾರೆ ಅಂದರೆ ಒಳ್ಳೆಯದೇ ಇರಬೇಕು ಅಂತ ಜನ ತಿಳಿಯುತ್ತಾರೆ. ಬೇಸಿಗೆಯಲ್ಲಿ ಗ್ಲೂಕೋಸ್ ಪುಡಿ, ಮಕ್ಕಳಿಗೆ ಶಕ್ತಿ ಬರುತ್ತದೆ ಅನ್ನುವ ಡಬ್ಬಿ, ಇವುಗಳ ಕಥೆಯೂ ಅಷ್ಟೇ.

ಇನ್ನು, ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟು, ಕೌಂಟರಿನಲ್ಲಿ ಇನ್ನೊಬ್ಬ ಹುಡುಗ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. 1948ರ ಫಾರ್ಮಸಿ ಕಾಯ್ದೆ ಹೇಳುವುದೊಂದು, ನಡೆಯುವುದೊಂದು. 2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿಹೇಳುವುದನ್ನೂ ಫಾರ್ಮಸಿಸ್ಟಿನ ಕೆಲಸ ಅಂತಲೇ ಬರೆದಿದ್ದಾರೆ. ಓದಿದವರು ಅಂಗಡಿಯಲ್ಲಿ ಇಲ್ಲದಿದ್ದರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನೀರಲ್ಲಿ ಹೋಮ.

ಮುಂದೆ ಕೂತಿದ್ದ ಹಿರಿಯರೊಬ್ಬರು, "ನಾವು ಜ್ವಾಳದ ರೊಟ್ಟಿ ತಿನ್ನೋ ಮಂದಿ, ನಮಗ್ಯಾಕ ಬರತೈತ್ರೀ ಇದು?" ಅಂದರು. ಕಾಕಾ, ರೊಟ್ಟಿ ಒಳ್ಳೆಯದೇ. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಾರು ಜಾಸ್ತಿ. ಆದರೆ ಜೋಳವೂ ಹಿಟ್ಟೇ, ಹೊಟ್ಟೆಯಲ್ಲಿ ಅದೂ ಸಕ್ಕರೆಯೇ ಆಗುತ್ತದೆ. ಮೊದಲು ಮೂರು ರೊಟ್ಟಿ, ಆಮೇಲೆ ತಾಟಿನ ತುಂಬ ಅನ್ನ ಸಾರು, ಕೊನೆಗೆ ಮೊಸರನ್ನ. ಅಂದರೆ ರೊಟ್ಟಿಯ ಊಟವೂ ಆಯಿತು, ಅನ್ನದ ಊಟವೂ ಆಯಿತು. ಎರಡರಲ್ಲಿ ಒಂದನ್ನು ಕಡಿಮೆ ಮಾಡಿ. ಪಲ್ಯ, ಮಡಿಕೆಕಾಳು, ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು, ಸೌತೆಕಾಯಿ ಪಚಡಿ ಹೆಚ್ಚು ಮಾಡಿ. ಇವೆಲ್ಲ ನಮ್ಮ ತಾಟಿನಲ್ಲಿ ಮೊದಲಿಂದಲೂ ಇದ್ದವೇ. ಹೊರದೇಶದ ಕಾಳು, ಬೀಜ ತರಿಸುವ ಅಗತ್ಯವೇನಿಲ್ಲ. ಚಹಾದ ಲೆಕ್ಕವನ್ನೂ ಹಾಕಿ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ ಅಂದರೆ ಸುಮಾರು 50 ಗ್ರಾಂ ಸಕ್ಕರೆ. ಮುಂಜಾನೆ ಉಣಕಲ್ ಕೆರೆ ಸುತ್ತಿ, ನೃಪತುಂಗ ಬೆಟ್ಟ ಹತ್ತಿ ಇಳಿದು, ಬರುವಾಗ ಮಿರ್ಚಿ, ಗಿರಮಿಟ್ ಮುಂದೆ ನಿಲ್ಲುವವರು ಇಲ್ಲೂ ಇದ್ದೀರಿ. ನಗಬೇಡಿ, ನಾನೂ ಅದೇ ಗಾಡಿ ಮುಂದೆ ನಿಮ್ಮನ್ನು ನೋಡಿದ್ದೇನೆ.

"ಬರೋಕಿಂತ ಮೊದಲ ಮೆಟ್‌ಫಾರ್ಮಿನ್ ಚಾಲೂ ಮಾಡಿದ್ರ?" ಅಂತ ಇನ್ನೊಬ್ಬರು ಕೇಳಿದರು. ಚೆನ್ನೈಯ ಆ ಮೊದಲ ಪ್ರಯೋಗದಲ್ಲಿ ಮೆಟ್‌ಫಾರ್ಮಿನ್ ಅನ್ನುವ ಈ ಶುಗರ್ ಗುಳಿಗೆ ಕೊಟ್ಟ ಗುಂಪೂ ಇತ್ತು. ಅಲ್ಲಿ 100ಕ್ಕೆ 40 ಜನರಿಗೆ ಶುಗರ್ ಬಂತು. ನಡಿಗೆ ಮತ್ತು ಊಟ ತಿದ್ದಿಕೊಂಡ ಗುಂಪಿನಷ್ಟೇ. ಎರಡನ್ನೂ ಸೇರಿಸಿದಾಗಲೂ ಲಾಭ ಹೆಚ್ಚಲಿಲ್ಲ. ಕೆಲವರಿಗೆ ಡಾಕ್ಟರು ಅದನ್ನು ಬರೆಯುವುದುಂಟು, ಮೂತ್ರಪಿಂಡದ ಸ್ಥಿತಿ ನೋಡಿ ಬರೆಯುತ್ತಾರೆ. ಅಪ್ಪನ ಸ್ಟ್ರಿಪ್ಪಿನಿಂದ ಒಂದು ಗುಳಿಗೆ ತೆಗೆದು ನುಂಗುವುದು ಬೇಡ.

ಕೊನೆಗೆ ಫಾರ್ಮಸಿ ಓದುವ ಹುಡುಗಿಯೊಬ್ಬಳು, "ಪರೀಕ್ಷೆ ನಾರ್ಮಲ್ ಬಂದರೆ ಮುಂದೇನು ಸರ್?" ಅಂತ ಕೇಳಿದಳು. ನಾರ್ಮಲ್ ಬಂದವರು ಮೂರು ವರ್ಷದೊಳಗೆ ಇನ್ನೊಮ್ಮೆ ಮಾಡಿಸಬೇಕು. ಗಡಿಯ ಮೇಲಿದ್ದವರು, ಅಂದರೆ ಖಾಲಿ ಹೊಟ್ಟೆಯಲ್ಲಿ 100ರಿಂದ 125 ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಬಂದವರು, ವರ್ಷಕ್ಕೊಮ್ಮೆ. ನಮ್ಮ ಬಿಲ್ಲಿಂಗ್ ಕಂಪ್ಯೂಟರು ಅಪ್ಪನ ಗುಳಿಗೆ ಯಾವಾಗ ಮುಗಿಯುತ್ತದೆ ಅಂತ ಈಗಲೇ ನೆನಪಿಸುತ್ತದೆ. ಮಗನ ಪರೀಕ್ಷೆಯ ತಾರೀಖನ್ನೂ ಅದರಲ್ಲೇ ಹಾಕಿಡಬಹುದು. ಹಾಕುವ ಮೊದಲು ಅವನ ಒಪ್ಪಿಗೆ ಕೇಳಿ, ಆ ನಂಬರಿಗೆ ಡಿಸ್ಕೌಂಟ್ ಮೆಸೇಜು ಕಳಿಸಬೇಡಿ.